ಆಸ್ಟ್ರಾನಮಿಲಿ ರಿಸರ್ಚ್ ಕೆಲಸ ಬೇಕಾ? ಮೊದಲು ಕ್ಯಾಲೆಂಡರ್ ನೋಡಿ

ಆಸ್ಟ್ರಾನಮಿಲಿ ಕೆಲಸ ಸಿಗತ್ತಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ಈಗ ಯಾವ ತಿಂಗಳು ನಡೀತಿದೆ? ಉಡಾಫೆ ಉತ್ತರ ಅಂತ ಕೆಲವರು ಬೇಜಾರು ಮಾಡ್ಕೊಂಡಿದ್ದಾರೆ, ಆದ್ರೆ ವಿಷಯ ಇರೋದೇ ಹಾಗೆ. ಈ ಫೀಲ್ಡಲ್ಲಿ ಕೆಲಸಗಳು ಬೆಳೆ ಇದ್ದ ಹಾಗೆ, ಬಿತ್ತೋ ಹೊತ್ತಲ್ಲಿ ಬಿತ್ಲಿಲ್ಲ ಅಂದ್ರೆ ಆಮೇಲೆ ಎಷ್ಟು ನೀರು ಹಾಕಿದ್ರೂ ಅಷ್ಟೇ. ನಾನು ಥೀಸಿಸ್ ಮುಗಿಸೋ ವರ್ಷ, ಮೊದಲು ಬರೆದು ಮುಗಿಸೋಣ, ಕೆಲಸ ಆಮೇಲೆ ಹುಡುಕೋಣ ಅಂತ ಕೂತು, ಫೆಬ್ರವರಿಲಿ ತಲೆ ಎತ್ತಿ ನೋಡಿದ್ರೆ ಒಳ್ಳೊಳ್ಳೆ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲೆ ಮಾಡೋ ತಾತ್ಕಾಲಿಕ ರಿಸರ್ಚ್ ಕೆಲಸ) ಎಲ್ಲಾ ನವೆಂಬರ್ ಡಿಸೆಂಬರಲ್ಲೇ ಕ್ಲೋಸ್ ಆಗಿ ಆಫರ್‌ಗಳೂ ಹೋಗಾಗಿತ್ತು. ಆ ವರ್ಷ ಹೇಗೆ ತಳ್ಳಿದೆ ಅಂತ ಬರೆದ್ರೆ ಅದೇ ಬೇರೆ ಲೇಖನ ಆಗತ್ತೆ, ಬಿಡಿ.

ಕೆಳಗಿರೋದನ್ನ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೀನಿ. ನೀವು ಯಾವ ಹಂತದಲ್ಲಿದ್ದೀರೋ ಅಲ್ಲಿಂದ ಓದಿ, ಆದ್ರೆ ಎರಡನೇ ಹೆಜ್ಜೆ ಮಾತ್ರ ಯಾರೂ ಬಿಡ್ಬೇಡಿ.

ಹೆಜ್ಜೆ 1: ಈ ಕೆಲಸ ಅಂದ್ರೆ ಏನು ಅಂತ ತಿಳ್ಕೊಳ್ಳಿ

ರಾತ್ರಿಯೆಲ್ಲಾ ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರೋ ಕೆಲಸ ಇದಲ್ಲ. ಈಗ ದೊಡ್ಡ ಟೆಲಿಸ್ಕೋಪ್‌ಗಳಲ್ಲಿ ಯಾರೂ ಕಣ್ಣಿಟ್ಟು ನೋಡಲ್ಲ, ಎಷ್ಟೋ ಸಲ ಅಲ್ಲಿಗೆ ಹೋಗೋದೂ ಇಲ್ಲ, ಏನು ನೋಡ್ಬೇಕು ಅಂತ ಬರೆದು ಕಳಿಸಿದ್ರೆ ಅಲ್ಲಿನ ಸಿಬ್ಬಂದಿ ಹವಾಮಾನ ನೋಡ್ಕೊಂಡು ಸರದಿ ಪ್ರಕಾರ ಅಬ್ಸರ್ವ್ ಮಾಡಿ ಡೇಟಾ ಕಳಿಸ್ತಾರೆ. ಮಿಕ್ಕ ಟೈಮೆಲ್ಲಾ ಲ್ಯಾಪ್‌ಟಾಪ್ ಮುಂದೆ. ಪೈಥಾನ್ ಕೋಡ್, ಅಳತೆ ಎಷ್ಟು ಆಚೀಚೆ ಇರಬಹುದು ಅಂತ ತೋರಿಸೋ ಎರರ್ ಬಾರ್ ಜೊತೆ ಗುದ್ದಾಟ, ಪೇಪರ್ ಬರೆಯೋದು, ಇನ್ನೊಬ್ಬರ ಪೇಪರ್ ಓದೋದು, ಟೆಲಿಸ್ಕೋಪ್ ಟೈಮ್ ಕೊಡಿ ದುಡ್ಡು ಕೊಡಿ ಅಂತ ಪ್ರಪೋಸಲ್ ಬರೆಯೋದು. ಬರವಣಿಗೆ ಇಷ್ಟು ಇರತ್ತೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ನಕ್ಷತ್ರ ನೋಡೋ ಖುಷಿ ಬೇಕು ಅಂದ್ರೆ ಹವ್ಯಾಸಕ್ಕೆ ಒಂದು ಚಿಕ್ಕ ಟೆಲಿಸ್ಕೋಪ್ ಇಟ್ಕೊಳ್ಳಿ, ಆ ಖುಷಿ ಬೇರೆ ಈ ನೌಕರಿ ಬೇರೆ, ಎರಡೂ ಇದ್ರೆ ಇನ್ನೂ ಒಳ್ಳೇದು.

ಓದು ಅಂತ ಬಂದ್ರೆ, ಡಿಗ್ರಿ ಸರ್ಟಿಫಿಕೇಟಲ್ಲಿ ಆಸ್ಟ್ರಾನಮಿ ಅಂತ ಹೆಸರೇ ಇರ್ಬೇಕು ಅಂತಿಲ್ಲ. ಫಿಸಿಕ್ಸ್ ಓದಿ ಬಂದವರೇ ಜಾಸ್ತಿ. ಗಣಿತ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಆಪ್ಟಿಕ್ಸ್ ಕಡೆಯಿಂದ ಬಂದವರೂ ಇದ್ದಾರೆ, ಅವರು ಇನ್‌ಸ್ಟ್ರುಮೆಂಟ್ ಮತ್ತೆ ಸಾಫ್ಟ್‌ವೇರ್ ಕಡೆ ತುಂಬಾ ಬೇಗ ಮೇಲೆ ಬರ್ತಾರೆ. ಏನೇ ಓದಿ, ಸ್ಟ್ಯಾಟಿಸ್ಟಿಕ್ಸ್ ಮಾತ್ರ ಗಟ್ಟಿಯಾಗಿ ಕಲೀರಿ. ನಾನು ಅದನ್ನ ಪಿಎಚ್‌ಡಿ ಮಧ್ಯದಲ್ಲಿ ಅರ್ಧಂಬರ್ಧ ಕಲಿತು ಈಗಲೂ ಒದ್ದಾಡ್ತೀನಿ.

ಹೆಜ್ಜೆ 2: ಯಾರ ಪರ್ಮಿಷನ್ನೂ ಕೇಳ್ದೆ ಒಂದು ಸಣ್ಣ ಪ್ರಾಜೆಕ್ಟ್ ಮಾಡಿ

ಇದೇ ನಾನು ಹೇಳ್ಬೇಕು ಅಂತಿರೋ ಮುಖ್ಯ ವಿಷಯ. ಬೇರೆ ಎಷ್ಟೋ ವಿಜ್ಞಾನಗಳಲ್ಲಿ ಲ್ಯಾಬ್ ಒಳಗೆ ಬಿಟ್ಕೊಳ್ಳೋ ತನಕ ಕೈಗೆ ಏನೂ ಸಿಗಲ್ಲ, ಆದ್ರೆ ಆಸ್ಟ್ರಾನಮಿಲಿ ಜಗತ್ತಿನ ಅತಿ ದುಬಾರಿ ಟೆಲಿಸ್ಕೋಪ್‌ಗಳ ಡೇಟಾ ಫ್ರೀಯಾಗಿ ಬಿದ್ದಿದೆ. ಹಬಲ್, ಜೇಮ್ಸ್ ವೆಬ್, ಟೆಸ್ ಅನ್ನೋ ಬಾಹ್ಯಾಕಾಶ ಟೆಲಿಸ್ಕೋಪ್‌ಗಳ ಡೇಟಾ ಮಾಸ್ಟ್ ಅನ್ನೋ ಆನ್‌ಲೈನ್ ಆರ್ಕೈವಲ್ಲಿ, ಅಂದ್ರೆ ಡೇಟಾ ಭಂಡಾರದಲ್ಲಿ ಇದೆ, ಕೆಲವು ಡೇಟಾ ಪ್ರಪೋಸಲ್ ಬರೆದವರಿಗೆ ಸ್ವಲ್ಪ ಕಾಲ, ಸಾಮಾನ್ಯವಾಗಿ ಹೆಚ್ಚಂದ್ರೆ ಒಂದು ವರ್ಷ, ಮೀಸಲಿರತ್ತೆ, ಆಮೇಲೆ ಯಾರು ಬೇಕಾದ್ರೂ ಇಳಿಸ್ಕೋಬಹುದು. ನಕ್ಷತ್ರಗಳ ಜಾಗ, ದೂರ ಅಳೆದ ಯುರೋಪಿನ ಗಾಯಾ ಉಪಗ್ರಹದ ಮೂರನೇ ಡೇಟಾ ರಿಲೀಸ್ 2022ರ ಜೂನಲ್ಲಿ ಬಂತು, ಅದರಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳ ಮಾಹಿತಿ ಇದೆ. ಅದನ್ನೆಲ್ಲಾ ನೋಡಿ ಮುಗಿಸಿದವರು ಯಾರೂ ಇಲ್ಲ.

ಶುರು ಮಾಡೋಕೆ ಒಂದು ಉದಾಹರಣೆ ಕೊಡ್ತೀನಿ. ಕೃತ್ತಿಕಾ ನಕ್ಷತ್ರಗುಚ್ಛ ತಗೊಳ್ಳಿ, ಬರಿಗಣ್ಣಿಗೆ ಆರೇಳು ಚುಕ್ಕಿ ಕಾಣೋದು. ಗಾಯಾ ಆರ್ಕೈವಲ್ಲಿ ಆ ದಿಕ್ಕಿನ ಸುತ್ತ ಕೆಲವು ಡಿಗ್ರಿ ಒಳಗಿರೋ ನಕ್ಷತ್ರಗಳನ್ನೆಲ್ಲಾ ತೆಗೀರಿ. ಪ್ಯಾರಲ್ಯಾಕ್ಸ್ (ಭೂಮಿ ಸೂರ್ಯನನ್ನ ಸುತ್ತುವಾಗ ನಕ್ಷತ್ರ ಜರುಗಿದ ಹಾಗೆ ಕಾಣೋ ಸಣ್ಣ ಕೋನ, ಇದರಿಂದಲೇ ದೂರ ಗೊತ್ತಾಗೋದು) 7.4 ಮಿಲಿ ಆರ್ಕ್‌ಸೆಕೆಂಡ್ ಆಸುಪಾಸು ಇರೋದನ್ನ ಮಾತ್ರ ಇಟ್ಕೊಳ್ಳಿ, ಅಂದ್ರೆ ಸುಮಾರು 440 ಜ್ಯೋತಿರ್ವರ್ಷ ದೂರ ಇರೋವು. ಅದರಲ್ಲೂ ಆಕಾಶದಲ್ಲಿ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸರೀತಿರೋದನ್ನ ಸೋಸಿ. ಆಮೇಲೆ ಬಣ್ಣ ಒಂದು ಕಡೆ, ಹೊಳಪು ಇನ್ನೊಂದು ಕಡೆ ಹಾಕಿ ಪ್ಲಾಟ್ ಮಾಡಿ. ಕಸದ ರಾಶಿ ಥರ ಇದ್ದ ಚುಕ್ಕಿಗಳು ಒಂದು ಸಪೂರ ಗೆರೆಯಾಗಿ ಕೂರತ್ತೆ ನೋಡಿ, ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಆಸ್ಟ್ರೋಪೈ ಅನ್ನೋ ಪೈಥಾನ್ ಪ್ಯಾಕೇಜ್ ಕಲಿತ್ರೆ ಇದು ಎರಡು ವಾರಾಂತ್ಯದ ಕೆಲಸ.

ಇಲ್ಲಿಗೆ ನಿಲ್ಲಿಸ್ಬೇಡಿ ಮತ್ತೆ. ಇದನ್ನ ಎಲ್ಲರೂ ಮಾಡಿರ್ತಾರೆ. ಗೆರೆಯಿಂದ ಮೇಲಕ್ಕೆ ಯಾಕೆ ಕೆಲವು ಚುಕ್ಕಿಗಳು ಎದ್ದಿವೆ, ಅವು ಜೋಡಿ ನಕ್ಷತ್ರಗಳಾ, ಎಷ್ಟು ಪಾಲು ಜೋಡಿ, ನಾನು ಸೋಸೋ ಮಿತಿ ಬದಲಾಯಿಸಿದ್ರೆ ಆ ಪಾಲು ಬದಲಾಗತ್ತಾ ಅಂತ ಕೇಳ್ತಾ ಹೋಗಿ. ಎರಡು ಪುಟದ ಬರಹ, ಕೋಡ್, ಮೂರು ಪ್ಲಾಟ್, ಇಷ್ಟನ್ನ ಕೋಡ್ ಹಂಚ್ಕೊಳ್ಳೋ ಸೈಟ್ ಗಿಟ್‌ಹಬ್‌ನಲ್ಲಿ ಹಾಕಿ. ನಾಳೆ ಯಾರಿಗಾದ್ರೂ ಮೇಲ್ ಹಾಕುವಾಗ "ನನಗೆ ಬಾಲ್ಯದಿಂದಲೂ ಬಾಹ್ಯಾಕಾಶದ ಬಗ್ಗೆ ಆಸಕ್ತಿ" ಅನ್ನೋ ಸಾಲಿನ ಜಾಗದಲ್ಲಿ ಈ ಲಿಂಕ್ ಇರತ್ತೆ. ಆ ಬಾಲ್ಯದ ಸಾಲು ಬರೆಯದವರು ಯಾರೂ ಇಲ್ಲ, ಹಾಗಾಗಿ ಅದನ್ನ ಓದೋರೂ ಯಾರೂ ಇಲ್ಲ.

ಕೋಡಿಂಗ್ ಭಯ ಇದ್ರೆ ಝೂನಿವರ್ಸ್‌ನಿಂದ ಶುರು ಮಾಡಿ, ಯಾರು ಬೇಕಾದ್ರೂ ವಿಜ್ಞಾನಿಗಳ ಡೇಟಾ ನೋಡಿ ವಿಂಗಡಿಸೋಕೆ ನೆರವಾಗೋ ಸೈಟ್ ಇದು. 2007ರಲ್ಲಿ ಇದಕ್ಕೆ ಮೂಲವಾದ ಗ್ಯಾಲಕ್ಸಿ ಝೂ ಶುರುವಾದಾಗ ಹ್ಯಾನಿ ವಾನ್ ಆರ್ಕೆಲ್ ಅನ್ನೋ ಡಚ್ ಶಾಲಾ ಟೀಚರ್ ಒಬ್ಬರು ಗ್ಯಾಲಕ್ಸಿ ಪಕ್ಕ ಏನೋ ವಿಚಿತ್ರ ಕಲೆ ಇದೆಯಲ್ಲಾ ಅಂತ ಕೇಳಿದ್ರು, ಅದು ಹೊಸ ಬಗೆಯ ವಸ್ತು ಅಂತ ಗೊತ್ತಾಗಿ ಅವರ ಹೆಸರೇ ಬಂತು. ಹೊಳಪು ಬದಲಾಗೋ ನಕ್ಷತ್ರಗಳನ್ನ ಅಳೆಯೋ ಆಸೆ ಇದ್ರೆ 1911ರಿಂದ ನಡೀತಿರೋ ಎಎವಿಎಸ್‌ಒ ಸಂಸ್ಥೆ ಇದೆ, ಹವ್ಯಾಸಿಗಳ ಅಳತೆಗಳನ್ನ ಸಂಶೋಧಕರು ನಿಜವಾಗ್ಲೂ ಬಳಸ್ತಾರೆ.

ಹೆಜ್ಜೆ 3 ಮತ್ತೆ 4 ಒಟ್ಟಿಗೆ: ಓದಿ, ಓದಿದವರಿಗೆ ಬರೀರಿ

ಆರ್ಕೈವ್ (arXiv, ಮೇಲೆ ಹೇಳಿದ ಡೇಟಾ ಆರ್ಕೈವ್ ಅಲ್ಲ) ಅನ್ನೋ ಪ್ರಿಪ್ರಿಂಟ್ ಸೈಟ್, ಅಂದ್ರೆ ಜರ್ನಲಲ್ಲಿ ಬರೋ ಮೊದಲೇ ಪೇಪರ್ ಹಾಕೋ ಜಾಗ, 1991ರಿಂದ ಇದೆ, ಅದರಲ್ಲಿ ಆಸ್ಟ್ರೋ-ಪಿಎಚ್ ವಿಭಾಗ. ಗ್ಯಾಲಕ್ಸಿ, ಕಾಸ್ಮಾಲಜಿ, ಗ್ರಹಗಳು, ಹೈ ಎನರ್ಜಿ, ಇನ್‌ಸ್ಟ್ರುಮೆಂಟ್, ಸೂರ್ಯ ಮತ್ತು ನಕ್ಷತ್ರಗಳು ಅಂತ ಆರು ಒಳವಿಭಾಗ ಇದೆ, ಒಂದೋ ಎರಡೋ ಆರಿಸ್ಕೊಂಡು ಕೆಲಸದ ದಿನಗಳಲ್ಲಿ ಇಪ್ಪತ್ತು ನಿಮಿಷ ಬರೀ ಶೀರ್ಷಿಕೆ ಮತ್ತೆ ಸಾರಾಂಶ ಓದಿ. ಮೊದಲ ತಿಂಗಳು ಏನೂ ಅರ್ಥ ಆಗಲ್ಲ, ಆಗ್ಬೇಕಾಗೂ ಇಲ್ಲ. ಇಷ್ಟ ಆದ ಪೇಪರ್ ಸಿಕ್ಕಾಗ ಒಂದು ಶೀಟಲ್ಲಿ ಬರ್ಕೊಳ್ಳಿ, ಯಾರು ಬರೆದಿದ್ದು, ಯಾವ ಸಂಸ್ಥೆ, ಯಾವ ಡೇಟಾ. ಆರು ತಿಂಗಳಾದ ಮೇಲೆ ಆ ಶೀಟ್ ತೆಗೆದು ನೋಡಿ, ಅದೇ ನಿಮ್ಮ ಅರ್ಜಿ ಹಾಕೋ ಪಟ್ಟಿ. ರ‍್ಯಾಂಕಿಂಗ್ ಪಟ್ಟಿ ನೋಡ್ಕೊಂಡು ಯೂನಿವರ್ಸಿಟಿ ಆರಿಸೋರಿಗಿಂತ ನಿಮಗೆ ಚೆನ್ನಾಗಿ ಗೊತ್ತಿರತ್ತೆ. ಹಳೇ ಪೇಪರ್ ಹುಡುಕೋಕೆ, ಯಾರನ್ನ ಯಾರು ಉಲ್ಲೇಖ ಮಾಡಿದ್ದಾರೆ ಅಂತ ನೋಡೋಕೆ ನಾಸಾದ ಎಡಿಎಸ್ ಬಳಸಿ, ಇದನ್ನ ಬಳಸ್ದೆ ಈ ಫೀಲ್ಡಲ್ಲಿ ಒಂದು ದಿನವೂ ನಡೆಯಲ್ಲ.

ಮೇಲ್ ಹಾಕೋದು ಹೇಗೆ ಅಂದ್ರೆ, ಹತ್ತು ಸಾಲಿಗಿಂತ ಜಾಸ್ತಿ ಬೇಡ. ನಾನು ಇಂಥವನು ಅಥವಾ ಇಂಥವಳು, ನಿಮ್ಮ ಇಂಥ ಪೇಪರ್ ಓದಿದೆ, ಅದರಲ್ಲಿ ಈ ಭಾಗ ನನ್ನ ಪ್ರಾಜೆಕ್ಟಿಗೆ ಹೀಗೆ ಹೊಂದತ್ತೆ, ಲಿಂಕ್ ಇಲ್ಲಿದೆ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನಿಮ್ಮ ಗುಂಪಲ್ಲಿ ಕೆಲಸ ಮಾಡೋಕೆ ಅವಕಾಶ ಇದೆಯಾ. ಅಷ್ಟೇ. ಇನ್ನೂರು ಜನಕ್ಕೆ ಒಂದೇ ಮೇಲ್ ಹಾಕೋದು, ಮೇಲೆ ಹೆಸರು ಬದಲಾಯಿಸೋಕೆ ಮರೆಯೋದು, ಇವೆಲ್ಲಾ ಅವರಿಗೆ ಮೊದಲ ಸಾಲಲ್ಲೇ ಗೊತ್ತಾಗ್ಬಿಡತ್ತೆ. ಉತ್ತರ ಬರ್ಲಿಲ್ಲ ಅಂದ್ರೆ ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ, ಮತ್ತೂ ಬರ್ಲಿಲ್ಲ ಅಂದ್ರೆ ಮುಂದಿನ ಹೆಸರಿಗೆ ಹೋಗಿ, ಮನಸ್ಸಿಗೆ ಹಚ್ಕೋಬೇಡಿ. ಅದರ ಜೊತೆಗೆ ಸಮ್ಮರ್ ಪ್ರೋಗ್ರಾಂಗಳಿಗೂ ಹಾಕಿ. ಲೈಡನ್ ಯೂನಿವರ್ಸಿಟಿ ಮತ್ತು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಸೇರಿ ನಡೆಸೋ ಲೀಪ್ಸ್ ಯಾವ ದೇಶದವರಿಗಾದ್ರೂ ತೆರೆದಿರತ್ತೆ, ಆದ್ರೆ ಅಮೆರಿಕದ ಆರ್‌ಇಯು ಸಮ್ಮರ್ ಜಾಗಗಳು ಹೆಚ್ಚುಕಮ್ಮಿ ಅಲ್ಲಿನ ನಾಗರಿಕರು ಮತ್ತೆ ಖಾಯಂ ನಿವಾಸಿಗಳಿಗೆ ಮಾತ್ರ, ಹಾಗಾಗಿ ಅರ್ಹತೆ ಸಾಲು ಓದಿ ಆಮೇಲೆ ಫಾರ್ಮ್ ತುಂಬಿ.

ಹೆಜ್ಜೆ 5: ಪಿಎಚ್‌ಡಿ

ರಿಸರ್ಚ್‌ನಲ್ಲೇ ಉಳೀಬೇಕು ಅಂದ್ರೆ ಇದನ್ನ ತಪ್ಪಿಸೋಕಾಗಲ್ಲ. ಮಿಲ್ಟನ್ ಹ್ಯೂಮಸನ್ ಅಂತ ಒಬ್ಬರಿದ್ರು, ಮೌಂಟ್ ವಿಲ್ಸನ್ ಬೆಟ್ಟಕ್ಕೆ ಹೇಸರಗತ್ತೆ ಮೇಲೆ ಸಾಮಾನು ಸಾಗಿಸ್ತಾ, ಆಮೇಲೆ ಅಲ್ಲೇ ಕಸ ಗುಡಿಸೋ ಕೆಲಸಕ್ಕೆ ಸೇರಿ, ಕೊನೆಗೆ ಎಡ್ವಿನ್ ಹಬಲ್ ಜೊತೆ ಗ್ಯಾಲಕ್ಸಿಗಳ ವೇಗ ಅಳೆದ ಖಗೋಳ ವಿಜ್ಞಾನಿ ಆದ್ರು. ಆ ಬಾಗಿಲು ಮುಚ್ಚಿ ನೂರು ವರ್ಷ ಆಗ್ತಾ ಬಂತು.

ಎರಡು ದಾರಿ ಇದೆ. ಅಮೆರಿಕದಲ್ಲಿ ಡಿಗ್ರಿ ಮುಗಿದ ತಕ್ಷಣ ಸೇರಬಹುದು, 5ರಿಂದ 6 ವರ್ಷ, ಮೊದಲೆರಡು ವರ್ಷ ಕ್ಲಾಸು, ಪಾಠ ಹೇಳ್ಕೊಟ್ಟೋ ರಿಸರ್ಚ್ ಮಾಡಿನೋ ಸ್ಟೈಪೆಂಡ್ ಬರತ್ತೆ. ಅರ್ಜಿ ಗಡುವು ಡಿಸೆಂಬರ್, ಜನವರಿ ಮೊದಲ ವಾರ. ಯುರೋಪಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಆಗಿರ್ಬೇಕು, ಆಮೇಲೆ 3ರಿಂದ 4 ವರ್ಷ, ಎಷ್ಟೋ ಕಡೆ ಅದು ಕಾಂಟ್ರ್ಯಾಕ್ಟ್ ಇರೋ ನೌಕರಿನೇ, ಹಾಗಾಗಿ ಕೆಲಸದ ಜಾಹೀರಾತಿನ ಥರನೇ ಬರತ್ತೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು ಹೈಡಲ್‌ಬರ್ಗ್, ಮ್ಯೂನಿಕ್ ಕಡೆ ಐಎಂಪಿಆರ್‌ಎಸ್ ಅನ್ನೋ ಹೆಸರಲ್ಲಿ ಶರತ್ಕಾಲದಲ್ಲಿ ಅರ್ಜಿ ಕರೀತಾರೆ. ಅಮೆರಿಕದ ಫಿಸಿಕ್ಸ್ ಜಿಆರ್‌ಇ ಅನ್ನೋ ಪರೀಕ್ಷೆ ಈಗ ತುಂಬಾ ಕಡೆ ಕೇಳಲ್ಲ, ಆದ್ರೂ ಒಂದೊಂದು ಡಿಪಾರ್ಟ್‌ಮೆಂಟಿನದೂ ಬೇರೆ ಬೇರೆ ನೋಡಿ. ಅಮೆರಿಕದಲ್ಲಿ ಅರ್ಜಿ ಶುಲ್ಕ ಇರತ್ತೆ, ಕಷ್ಟ ಅಂದ್ರೆ ಮನ್ನಾ ಮಾಡಿ ಅಂತ ಕೇಳಬಹುದು, ಕೇಳಿದವರಿಗೆ ಎಷ್ಟೋ ಸಲ ಸಿಗತ್ತೆ. ಸೀಟ್ ಮತ್ತೆ ಫಂಡಿಂಗ್ ಕೊಟ್ಟವರು ಏಪ್ರಿಲ್ 15ರ ತನಕ ನಿಮ್ಮ ಉತ್ತರಕ್ಕೆ ಕಾಯ್ಬೇಕು ಅಂತ ಅಲ್ಲಿನ ಬಹಳಷ್ಟು ಯೂನಿವರ್ಸಿಟಿಗಳು ಒಪ್ಕೊಂಡಿವೆ, ಮೊದಲೇ ಹೇಳಿ ಅಂತ ಒತ್ತಡ ಹಾಕಿದ್ರೆ ಹೆದರ್ಬೇಡಿ.

ಗೈಡ್ ಆರಿಸೋದು ಯೂನಿವರ್ಸಿಟಿ ಆರಿಸೋದಕ್ಕಿಂತ ದೊಡ್ಡ ತೀರ್ಮಾನ. ಅವರ ಈಗಿನ ಸ್ಟೂಡೆಂಟ್ಸ್ ಜೊತೆ, ಗೈಡ್ ಇಲ್ಲದ ಹೊತ್ತಲ್ಲಿ, ಮಾತಾಡಿ. ಹಿಂದಿನ ಐದು ಸ್ಟೂಡೆಂಟ್ಸ್ ಈಗ ಎಲ್ಲಿದ್ದಾರೆ? ಎಷ್ಟು ವರ್ಷಕ್ಕೆ ಮುಗೀತು? ಮಧ್ಯದಲ್ಲಿ ಬಿಟ್ಟು ಹೋದವರು ಇದ್ದಾರಾ? ಡ್ರಾಫ್ಟ್ ಕಳಿಸಿದ್ರೆ ಎಷ್ಟು ದಿನಕ್ಕೆ ವಾಪಸ್ ಬರತ್ತೆ? ಕೊನೇ ಪ್ರಶ್ನೆ ಚಿಕ್ಕದು ಅನ್ಸತ್ತೆ, ಆದ್ರೆ ನನ್ನ ಒಂದು ಡ್ರಾಫ್ಟ್ ಏಳು ತಿಂಗಳು ಒಬ್ಬರ ಮೇಜಿನ ಮೇಲೆ ಮಲಗಿತ್ತು, ಅಷ್ಟರಲ್ಲಿ ಅದೇ ಫಲಿತಾಂಶ ಬೇರೆ ಗುಂಪಿಂದ ಬಂದೇಬಿಡ್ತು. ಸ್ಟೂಡೆಂಟ್ಸ್ ಉತ್ತರ ಹೇಳುವಾಗ ಸ್ವಲ್ಪ ತಡವರಿಸಿದ್ರೂ ಗಮನಿಸಿ.

ಹೆಜ್ಜೆ 6: ಪಿಎಚ್‌ಡಿ ಒಳಗೇ ಮುಂದಿನ ಕೆಲಸಕ್ಕೆ ನೆಲ ಹದ ಮಾಡೋದು

ಪೋಸ್ಟ್‌ಡಾಕ್ ಕಮಿಟಿ ನೋಡೋದು ಮುಖ್ಯವಾಗಿ ನೀವೇ ಮೊದಲ ಲೇಖಕರಾಗಿರೋ ಪೇಪರ್‌ಗಳು. ದೊಡ್ಡ ಕೊಲಾಬರೇಷನ್‌ನಲ್ಲಿ ನೂರು ಹೆಸರಿನ ಮಧ್ಯ ಇರೋ ಇಪ್ಪತ್ತು ಪೇಪರ್‌ಗಿಂತ, ನಿಮ್ಮ ಹೆಸರು ಮುಂದಿರೋ ಮೂರು ಪೇಪರ್ ಹೆಚ್ಚು ತೂಗತ್ತೆ. ಹಾಗಂತ ಕೊಲಾಬರೇಷನ್ ಬೇಡ ಅಂತಲ್ಲ. ಚಿಲಿಯ ರೂಬಿನ್ ವೀಕ್ಷಣಾಲಯ, 8.4 ಮೀಟರ್ ಕನ್ನಡಿ, 3200 ಮೆಗಾಪಿಕ್ಸೆಲ್ ಕ್ಯಾಮೆರಾ, 2025ರ ಜೂನಲ್ಲಿ ಮೊದಲ ಚಿತ್ರ ತೋರಿಸ್ತು. ಆಸ್ಟ್ರೇಲಿಯಾ ದಕ್ಷಿಣ ಆಫ್ರಿಕಾದಲ್ಲಿ ಎಸ್‌ಕೆಎ ರೇಡಿಯೋ ಟೆಲಿಸ್ಕೋಪ್, ಚಿಲಿಯಲ್ಲೇ 39 ಮೀಟರ್ ಕನ್ನಡಿಯ ಇಎಲ್‌ಟಿ ಟೆಲಿಸ್ಕೋಪ್ ಕಟ್ತಾ ಇದ್ದಾರೆ. ಮುಂದಿನ ಹತ್ತು ವರ್ಷದ ಡೇಟಾ ಇಲ್ಲಿಂದಲೇ ಹರಿದು ಬರೋದು, ಇವುಗಳಲ್ಲಿ ಒಂದರ ಡೇಟಾ ಹ್ಯಾಂಡಲ್ ಮಾಡೋಕೆ ಬಂದ್ರೆ ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ.

ಪ್ರಪೋಸಲ್ ಬರೆಯೋದನ್ನ ಬೇಗ ಕಲೀರಿ. ಜೇಮ್ಸ್ ವೆಬ್ಬಿನ ನಾಲ್ಕನೇ ಅರ್ಜಿ ಸುತ್ತಿಗೆ 2377 ಪ್ರಪೋಸಲ್ ಬಂದಿತ್ತು, ಇರೋ ಸಮಯದ ಸುಮಾರು ಒಂಬತ್ತು ಪಟ್ಟು ಬೇಡಿಕೆ. ಹೆದರಿಸೋಕೆ ಹೇಳ್ತಿಲ್ಲ, ಒಂದು ಸಮಾಧಾನನೂ ಇದೆ, ಹಬಲ್‌ನಲ್ಲಿ 2018ರಿಂದ ಪರಿಶೀಲನೆ ಮಾಡೋರಿಗೆ ಬರೆದವರ ಹೆಸರು ಕಾಣಲ್ಲ, ವೆಬ್ಬಿಗೂ ಅದೇ ಪದ್ಧತಿ. ಅಂದ್ರೆ ಸ್ಟೂಡೆಂಟ್ ಬರೆದಿದ್ದಾ ದೊಡ್ಡ ಪ್ರೊಫೆಸರ್ ಬರೆದಿದ್ದಾ ಅಂತ ನೋಡದೆ ವಿಷಯ ನೋಡ್ತಾರೆ. ಚಿಕ್ಕ ಟೆಲಿಸ್ಕೋಪ್‌ಗಳಿಂದ ಶುರು ಮಾಡಿ, ಅಲ್ಲಿ ಪೈಪೋಟಿ ಕಮ್ಮಿ.

ಹೆಜ್ಜೆ 7: ಪೋಸ್ಟ್‌ಡಾಕ್ ಹುಡುಕಾಟ, ತಿಂಗಳು ತಿಂಗಳಾಗಿ

ಜಾಹೀರಾತು ಎಲ್ಲಿ ಅಂದ್ರೆ, ಅಮೆರಿಕನ್ ಆಸ್ಟ್ರಾನಮಿಕಲ್ ಸೊಸೈಟಿಯ ಜಾಬ್ ರಿಜಿಸ್ಟರ್, ಹೆಸರು ಅಮೆರಿಕದ್ದಾದ್ರೂ ಪ್ರಪಂಚದ ಬಹುಪಾಲು ಕೆಲಸ ಅಲ್ಲೇ ಬೀಳತ್ತೆ, ಓದೋಕೆ ದುಡ್ಡಿಲ್ಲ. ಕಾಸ್ಮಾಲಜಿ, ಗುರುತ್ವದ ಅಲೆ ಕಡೆಯವರು ಇನ್‌ಸ್ಪೈರ್ (INSPIRE HEP) ಅನ್ನೋ ಸೈಟ್ ಕೂಡ ನೋಡಿ. ಯುರೋಪಿಗೆ ಯುರಾಕ್ಸೆಸ್. ಇಷ್ಟು ಸಾಕು, ಹದಿನೈದು ಸೈಟ್ ನೋಡೋ ಅಗತ್ಯ ಇಲ್ಲ.

ಜೂನ್ ಜುಲೈಲಿ ಸಂಶೋಧನಾ ಯೋಜನೆಯ ಮೊದಲ ಡ್ರಾಫ್ಟ್ ಬರೀರಿ. ಆಗಸ್ಟಲ್ಲಿ ಶಿಫಾರಸು ಪತ್ರ ಬರೆಯೋ ಮೂರು ಜನರನ್ನ ಕೇಳಿ. ಸೆಪ್ಟೆಂಬರಿಂದ ಜಾಹೀರಾತು ಶುರು, ಅಕ್ಟೋಬರಿಂದ ಡಿಸೆಂಬರ್ ಗಡುವುಗಳ ಸುರಿಮಳೆ, ಜನವರಿ ಫೆಬ್ರವರಿಲಿ ಆಫರ್. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್ ಮಾತ್ರ ಸೆಪ್ಟೆಂಬರಲ್ಲೇ ಮುಗಿಯತ್ತೆ ಸಾಮಾನ್ಯವಾಗಿ, ಜೊತೆಗೆ ಅದರಲ್ಲೊಂದು ನಿಯಮ, ಗಡುವಿನ ಹಿಂದಿನ 36 ತಿಂಗಳಲ್ಲಿ ನೀವು ಹೋಗ್ಬೇಕು ಅಂತಿರೋ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಇದು ಗೊತ್ತಿಲ್ದೆ ತಿಂಗಳುಗಟ್ಟಲೆ ಬರೆದು ಕೊನೆಗೆ ಅನರ್ಹ ಆದವರನ್ನ ನೋಡಿದ್ದೀನಿ.

ಪೋಸ್ಟ್‌ಡಾಕಲ್ಲಿ ಎರಡು ಜಾತಿ. ಫೆಲೋಶಿಪ್ ಅಂದ್ರೆ ನಿಮ್ಮ ಸ್ವಂತ ಐಡಿಯಾ ಮೇಲೆ ಕೆಲಸ ಮಾಡೋಕೆ ದುಡ್ಡು. ನಾಸಾದ ಹಬಲ್ ಫೆಲೋಶಿಪ್ 3 ವರ್ಷದ್ದು, 2025ರಲ್ಲಿ 24 ಜನಕ್ಕೆ ಸಿಕ್ತು, ಯಾವ ದೇಶದವರು ಬೇಕಾದ್ರೂ ಹಾಕಬಹುದು ಆದ್ರೆ ಕೆಲಸ ಅಮೆರಿಕದಲ್ಲೇ ಮಾಡ್ಬೇಕು. ಇಎಸ್‌ಒ (ಯುರೋಪಿಯನ್ ಸದರ್ನ್ ಅಬ್ಸರ್ವೇಟರಿ) ಫೆಲೋಶಿಪ್ ಜರ್ಮನಿಯ ಗಾರ್ಷಿಂಗಲ್ಲಿ 3 ವರ್ಷ, ಚಿಲಿಯಲ್ಲಾದ್ರೆ 3 ವರ್ಷದ ಮೇಲೆ ಇನ್ನೊಂದು ವರ್ಷ ಸಿಗಬಹುದು, ಅಲ್ಲಿ ವೀಕ್ಷಣಾಲಯದ ಡ್ಯೂಟಿನೂ ಮಾಡ್ಬೇಕು. ಅಂದಹಾಗೆ ಚಿಲಿಯಲ್ಲಿರೋ ವಿದೇಶಿ ಟೆಲಿಸ್ಕೋಪ್‌ಗಳ 10% ಸಮಯ ಅಲ್ಲಿನ ಸಂಸ್ಥೆಗಳಿಗೆ ಮೀಸಲು, ಅದಕ್ಕೇ ಅಲ್ಲಿನ ಯೂನಿವರ್ಸಿಟಿಯ ಪೋಸ್ಟ್‌ಡಾಕ್‌ಗಳನ್ನ ತಳ್ಳಿ ಹಾಕ್ಬೇಡಿ. ಎರಡನೇ ಜಾತಿ ಪ್ರಾಜೆಕ್ಟ್ ಪೋಸ್ಟ್‌ಡಾಕ್, ಇನ್ನೊಬ್ಬರ ಗ್ರಾಂಟಲ್ಲಿ ಅವರ ಪ್ರಾಜೆಕ್ಟಿಗೆ ಕೆಲಸ. ಫೆಲೋಶಿಪ್ಪಿಗೆ ಹೆಸರು ಜಾಸ್ತಿ, ಆದ್ರೆ ನನ್ನನ್ನ ಕೇಳಿದ್ರೆ ಮೊದಲ ಪೋಸ್ಟ್‌ಡಾಕಿಗೆ ಒಳ್ಳೆ ಗುಂಪಿನ ಪ್ರಾಜೆಕ್ಟ್ ಕೆಲಸವೇ ವಾಸಿ, ಒಂಟಿಯಾಗಿ ಕೂತು ಸ್ವಾತಂತ್ರ್ಯ ಅನುಭವಿಸೋದು ಅಂದ್ಕೊಂಡಷ್ಟು ಸುಖ ಅಲ್ಲ. ಇವು ಗ್ರಾಂಟ್ ಬಂದಾಗ ಬರೋವು, ಮಾರ್ಚ್, ಮೇ, ಯಾವಾಗ ಬೇಕಾದ್ರೂ. ನಾನು ಕೊನೆಗೆ ಬದುಕಿದ್ದು ಇಂಥದ್ದರಿಂದಲೇ.

ಶಿಫಾರಸು ಪತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಗೈಡ್ ಬರೀತಾರೆ, ಸರಿ. ಇನ್ನಿಬ್ಬರು ಯಾರು? ಮೂರೂ ಪತ್ರ ಒಂದೇ ಕಟ್ಟಡದಿಂದ ಬಂದ್ರೆ ನಿಮ್ಮ ಕೆಲಸ ಹೊರಗೆ ಯಾರಿಗೂ ಗೊತ್ತಿಲ್ಲ ಅಂತ ಅರ್ಥ ಆಗತ್ತೆ. ಹಾಗಾಗಿ ಪಿಎಚ್‌ಡಿ ಎರಡು ಮೂರನೇ ವರ್ಷದಲ್ಲೇ ಬೇರೆ ಸಂಸ್ಥೆಯವರೊಬ್ಬರ ಜೊತೆ ಒಂದು ಪೇಪರ್ ಮಾಡಿ. ಪತ್ರ ಕೇಳುವಾಗ "ಬರೀತೀರಾ" ಅಂತ ಕೇಳ್ಬೇಡಿ, "ನನ್ನ ಬಗ್ಗೆ ಒಳ್ಳೆ ಪತ್ರ ಬರೆಯೋಷ್ಟು ನನ್ನ ಕೆಲಸ ನಿಮಗೆ ಗೊತ್ತಿದೆಯಾ" ಅಂತ ಕೇಳಿ, ಅವರಿಗೂ ಇಲ್ಲ ಅನ್ನೋಕೆ ದಾರಿ ಬಿಟ್ಟ ಹಾಗೆ. ಒಂದೇ ಶೀಟಲ್ಲಿ ಎಲ್ಲಾ ಗಡುವು, ಲಿಂಕ್, ಯಾವುದಕ್ಕೆ ಹೇಗೆ ಅಪ್ಲೋಡ್ ಮಾಡ್ಬೇಕು ಬರೆದು ಕೊಡಿ, ವಾರ ಮುಂಚೆ ನೆನಪಿಸಿ. ಪ್ರೊಫೆಸರ್‌ಗಳು ಮರೀತಾರೆ, ನೆನಪಿಸಿದ್ರೆ ಕೋಪ ಮಾಡ್ಕೊಳ್ಳಲ್ಲ, ನಾಚಿಕೆ ಪಟ್ಕೋತಾರೆ.

ಸಂಶೋಧನಾ ಯೋಜನೆಯಲ್ಲಿ ಮೊದಲ ಅರ್ಧ ಪುಟ ಓದಿದ್ರೆ ಏನು ಪ್ರಶ್ನೆ, ಯಾಕೆ ಈಗ, ಯಾಕೆ ನೀವು, ಯಾಕೆ ಅದೇ ಜಾಗ ಅನ್ನೋದು ಗೊತ್ತಾಗ್ಬೇಕು, ಕಮಿಟಿಯವರು ನೂರಾರು ಓದ್ತಿರ್ತಾರೆ. ಒಳ್ಳೆ ಪ್ಲಾಟ್ ಒಂದು ಇರ್ಲಿ. ಯಾರು ಎಲ್ಲಿ ಸೆಲೆಕ್ಟ್ ಆದ್ರು ಅನ್ನೋ ರೂಮರ್ ಮಿಲ್ ಪಟ್ಟಿಗಳನ್ನ ವಾರಕ್ಕೊಂದು ಸಲ ನೋಡಿ ಸಾಕು, ದಿನಾ ನೋಡಿದ್ರೆ ನಿದ್ದೆ ಹೋಗತ್ತೆ ಅಷ್ಟೇ. ಪೋಸ್ಟ್‌ಡಾಕ್ ಅರ್ಜಿಗೆ ಯಾರಾದ್ರೂ ದುಡ್ಡು ಕಟ್ಟಿ ಅಂದ್ರೆ ಅನುಮಾನ ಪಡಿ.

ಹೆಜ್ಜೆ 8: ಪ್ರೊಫೆಸರ್ ಆಗೋದೊಂದೇ ಕೆಲಸ ಅಲ್ಲ

ಖಾಯಂ ಪ್ರೊಫೆಸರ್ ಹುದ್ದೆ ಪಿಎಚ್‌ಡಿ ಮುಗಿಸೋರ ಸಂಖ್ಯೆಗಿಂತ ತುಂಬಾ ಕಮ್ಮಿ, ಇದನ್ನ ಮೊದಲ ದಿನವೇ ತಿಳ್ಕೊಂಡಿದ್ರೆ ಒಳ್ಳೇದು. ವೀಕ್ಷಣಾಲಯಗಳಿಗೆ ಸಪೋರ್ಟ್ ಆಸ್ಟ್ರಾನಮರ್ ಬೇಕು, ಟೆಲಿಸ್ಕೋಪ್ ಆಪರೇಟರ್ ಬೇಕು, ಇನ್‌ಸ್ಟ್ರುಮೆಂಟ್ ಸೈಂಟಿಸ್ಟ್, ಪೈಪ್‌ಲೈನ್ (ಟೆಲಿಸ್ಕೋಪಿನ ಕಚ್ಚಾ ಡೇಟಾನ ಬಳಸೋ ಹಾಗೆ ಮಾಡೋ ಕೋಡ್) ಬರೆಯೋರು, ಆರ್ಕೈವ್ ನೋಡ್ಕೊಳ್ಳೋರು, ಪ್ಲಾನೆಟೇರಿಯಂ ನಡೆಸೋರು, ಜನಕ್ಕೆ ಅರ್ಥ ಆಗೋ ಹಾಗೆ ಬರೆಯೋರು. ಇವೆಲ್ಲಾ ಅದೇ ಜಾಬ್ ರಿಜಿಸ್ಟರಲ್ಲೇ ಬರತ್ತೆ, ನೀವು ಫಿಲ್ಟರ್ ಹಾಕಿ ಬಚ್ಚಿಟ್ಟಿರ್ತೀರಿ. ನಾನೀಗ ಮಾಡ್ತಿರೋದು ಒಂದು ಟೆಲಿಸ್ಕೋಪಿನ ಡೇಟಾ ಪೈಪ್‌ಲೈನ್ ಕೆಲಸ, ಎರಡನೇ ದರ್ಜೆ ಅಂತ ಮೊದಲು ಅನ್ಕೊಂಡಿದ್ದೆ, ಈಗ ನನ್ನ ಕೋಡ್ ಮುಟ್ಟದೆ ಹೋಗೋ ಪೇಪರ್ ಆ ಟೆಲಿಸ್ಕೋಪಿಂದ ಬರಲ್ಲ. ಪೂರ್ತಿ ಹೊರಗೆ ಹೋಗೋದಾದ್ರೆ ಡೇಟಾ ಸೈನ್ಸ್, ಉಪಗ್ರಹ ಚಿತ್ರ ವಿಶ್ಲೇಷಣೆ, ವೈದ್ಯಕೀಯ ಇಮೇಜಿಂಗ್, ಇವರೆಲ್ಲಾ ಗದ್ದಲದ ನಡುವೆ ಸಣ್ಣ ಸಿಗ್ನಲ್ ಹುಡುಕೋದು ಗೊತ್ತಿರೋರನ್ನ ತಗೋತಾರೆ. ಆದ್ರೆ ರೆಸ್ಯೂಮೆ ಬೇರೆ ಬರೀಬೇಕು, ಒಂದೋ ಎರಡೋ ಪುಟ, ಪೇಪರ್ ಪಟ್ಟಿ ಬೇಡ.

ಹೆಜ್ಜೆ 9: ಆಫರ್ ಬಂದಾಗ

ತಕ್ಷಣ ಹೂಂ ಅನ್ಬೇಡಿ. ಪೋಸ್ಟ್‌ಡಾಕ್ ಆಫರಿಗೆ ಫೆಬ್ರವರಿ 15ಕ್ಕೆ ಮೊದಲು ಉತ್ತರ ಕೊಡಿ ಅಂತ ಒತ್ತಾಯ ಮಾಡಬಾರದು ಅನ್ನೋದು ಅಮೆರಿಕನ್ ಆಸ್ಟ್ರಾನಮಿಕಲ್ ಸೊಸೈಟಿಯ ನಿಲುವು, ಬಹಳಷ್ಟು ಸಂಸ್ಥೆಗಳು ಪಾಲಿಸ್ತವೆ, ಪಾಲಿಸದವರಿಗೆ ವಿನಯವಾಗಿ ನೆನಪಿಸಬಹುದು. ಸಂಬಳ ಆ ಊರಿನ ಮನೆ ಬಾಡಿಗೆ ಜೊತೆ ಹೋಲಿಸಿ ನೋಡಿ. ವೀಸಾ ಖರ್ಚು ಯಾರದ್ದು, ಆರೋಗ್ಯ ವಿಮೆ ಕುಟುಂಬಕ್ಕೂ ಇದೆಯಾ, ಕಾನ್ಫರೆನ್ಸಿಗೆ ವರ್ಷಕ್ಕೆ ಎಷ್ಟು, ಎರಡು ವರ್ಷದ್ದಾದ್ರೆ ಮೂರನೇ ವರ್ಷ ಯಾವುದರ ಮೇಲೆ ನಿಂತಿದೆ, ಸ್ವಂತ ರಿಸರ್ಚಿಗೆ ಎಷ್ಟು ಪಾಲು ಸಮಯ, ಎಲ್ಲಾ ಕೇಳಿ, ಮಾತಲ್ಲಿ ಹೇಳಿದ್ದನ್ನ ಮೇಲಲ್ಲಿ ಬರೆಸ್ಕೊಳ್ಳಿ. ಸಂಗಾತಿಗೂ ಅದೇ ಊರಲ್ಲಿ ಕೆಲಸ ಬೇಕಾಗಿದ್ರೆ ಆಫರ್ ಕೈಗೆ ಬಂದ ಮೇಲೆ ಹೇಳಿ, ಇಂಟರ್‌ವ್ಯೂನಲ್ಲಿ ಬೇಡ.

ಒಂದು ಒಪ್ಕೊಂಡ ದಿನವೇ ಮಿಕ್ಕಿದ್ದಕ್ಕೆ ಬೇಡ ಅಂತ ತಿಳಿಸಿ, ವೇಟಿಂಗ್ ಲಿಸ್ಟಲ್ಲಿ ಯಾರೋ ಉಗುರು ಕಚ್ಕೊಂಡು ಕೂತಿರ್ತಾರೆ. ಪತ್ರ ಬರೆದ ಮೂರು ಜನಕ್ಕೂ ಏನಾಯ್ತು ಅಂತ ಎರಡು ಸಾಲು ಹಾಕಿ, ಇನ್ನೆರಡು ವರ್ಷಕ್ಕೆ ಮತ್ತೆ ಅವರನ್ನೇ ಕೇಳ್ಬೇಕಾಗತ್ತೆ.